ಬಸಿಯ ಪಾಲು

ಹುಡುಗರ ಬಾಯಿ ಮುಚ್ಚಿಸುವುದೇ ನನ್ನ ಹೊಟ್ಟೆಪಾಡಾಗಿತ್ತು. ಹಾನಗಲ್ಲಿನ ಕನ್ನಡ ಶಾಲೆಯಲ್ಲಿ ನಾನು ಮಾಸ್ತರ. ‘ಸುಮ್ಮನಿರ್ರಿ’ ಎಂದು ದಿನಕ್ಕೆ ಎಷ್ಟು ಸಲ ಕೂಗುತ್ತಿದ್ದೆನೋ ದೇವರೇ ಬಲ್ಲ. ಅಂಥವನ ಮನೆಯಲ್ಲಿ ಒಂದು ಶ್ರಾವಣದಲ್ಲಿ ಹೆಂಡತಿಯೇ ಬಾಯಿ ಮುಚ್ಚಿಕೊಂಡು ಕುಳಿತಳು. ಹುಡುಗರ ಗದ್ದಲವನ್ನು ತಡೆದುಕೊಳ್ಳಬಹುದು, ಮನೆಯವಳ ಮೌನವನ್ನು ತಡೆದುಕೊಳ್ಳುವುದು ನನ್ನಿಂದಾಗುವ ಕೆಲಸವಲ್ಲ ಎಂಬುದು ಆಗ ಗೊತ್ತಾಯಿತು.

ಅದು ಯುದ್ಧದ ಕಾಲ. ಆ ವರ್ಷ ಕಾರಹುಣ್ಣಿಮೆಯ ಸುಮಾರಿಗೆ ನಮ್ಮ ಮಗಳು ಜ್ವರ ಬಂದು ತೀರಿಕೊಂಡಿದ್ದಳು. ಆಗಷ್ಟೇ ಮಾತು ಕೂಡಿಸಲು ಕಲಿತಿದ್ದ ಕೂಸು. ಸುದ್ದಿ ತಿಳಿದವರೆಲ್ಲ ಹೆಂಡತಿಯನ್ನು ಮಾತಾಡಿಸಲು ಬರತೊಡಗಿದರು. ಬರಲಿ, ಬೇಡವೆನ್ನುವುದಿಲ್ಲ. ಆದರೆ ಬಂದವರು ಸುಮ್ಮನೆ ಕುಳಿತು ಎದ್ದು ಹೋಗಬಾರದೇ? ಒಬ್ಬಳು ಹಣೆಬರಹ ಎನ್ನುವಳು, ಇನ್ನೊಬ್ಬಳು ದೃಷ್ಟಿ ತೆಗೆಯಬೇಕಿತ್ತು ಎನ್ನುವಳು, ಮತ್ತೊಬ್ಬಳು ಹೆಣ್ಣು ಕೂಸಲ್ಲವೇ, ಮುಂದೆ ಗಂಡಾಗುತ್ತದೆ ಬಿಡು ಎನ್ನುವಳು. ಅವರ ನಾಲಿಗೆಗೆ ಬರೆ ಹಾಕಬೇಕೆನಿಸುತ್ತಿತ್ತು. ಇವಳು ಮಾತ್ರ ಎಲ್ಲರಿಗೂ ‘ಹೂನ್ರಿ’ ಎನ್ನುತ್ತ ಎಲೆ ಅಡಿಕೆಯ ತಟ್ಟೆ ಮುಂದಿಡುತ್ತಿದ್ದಳು. ಒಂದು ಹನಿ ಕಣ್ಣೀರು ಹಾಕಲಿಲ್ಲ. ಅದನ್ನು ನೋಡಿ ನನಗೆ ಹೆದರಿಕೆಯಾಗುತ್ತಿತ್ತು.

ನಾಗರ ಪಂಚಮಿಗೆ ಹಂಸಭಾವಿಯಿಂದ ಅವಳ ಅಣ್ಣ ಚಕ್ಕಡಿ ಕಟ್ಟಿಕೊಂಡು ಬಂದ. ಪಂಚಮಿಗೆ ಅಣ್ಣ ತಂಗಿಯನ್ನು ಕರೆಯಲು ಬರುವುದು ನಮ್ಮ ಕಡೆಯ ಪದ್ಧತಿಯೇ. ಆದರೆ ಈ ಸಲ ಅವನು ಹಬ್ಬಕ್ಕೆ ಎನ್ನಲಿಲ್ಲ. ಕೆಲವು ತಿಂಗಳು ತವರಲ್ಲಿ ಅವ್ವನ ಹತ್ತಿರ ಇರಲಿ, ಈ ಮನೆಯಲ್ಲಿ ಎಲ್ಲಿ ನೋಡಿದರೂ ಕೂಸಿನ ನೆನಪು, ಎಂದ. ಸುಳ್ಳಲ್ಲ. ಆದರೆ ಹಾಗೆ ತಿಂಗಳ ಲೆಕ್ಕದಲ್ಲಿ ತವರಿಗೆ ಹೋಗಿ ವರ್ಷಗಟ್ಟಲೆ ಉಳಿದವರನ್ನು ನಾನು ನೋಡಿದ್ದೆ. ಇವಳು ಹೋದರೆ ತಿರುಗಿ ಬರುವುದಿಲ್ಲವೆಂದು ನನ್ನ ಒಳಗೆ ಯಾರೋ ಹೇಳುತ್ತಿದ್ದರು.

ಎಲ್ಲರೂ ಅವಳ ಮುಖ ನೋಡಿದೆವು. ಅವಳು ಹೇಳಿದ್ದು ಇಷ್ಟು:

“ನೂಲ ಹುಣ್ಣಿಮಿ ತನಕ, ಇನ್ನ ಹತ್ತು ದಿನ, ನಾ ಮಾತಾಡಂಗಿಲ್ಲ. ಜಪದ ಖೋಲ್ಯಾಗ ಕುಂದರ್ತೇನಿ. ಹೋಗಬೇಕೋ ಇರಬೇಕೋ, ಆಮ್ಯಾಲ ಹೇಳ್ತೇನಿ.”

ಜಪದ ಖೋಲಿ ಎಂದರೆ ನಡುಮನೆಯ ಪಕ್ಕದ ಸಣ್ಣ ಕೋಣೆ. ನನ್ನ ಅಪ್ಪ ಇದ್ದಾಗ ಪ್ರತಿ ಶ್ರಾವಣದಲ್ಲಿ ಅಲ್ಲಿ ಮೌನ ಹಿಡಿದು ಅನುಷ್ಠಾನಕ್ಕೆ ಕೂರುತ್ತಿದ್ದ. ಮುದುಕರು ಕೂರುವುದು ಸರಿ, ಹರೆಯದ ಸೊಸೆ ಕೂರುವುದನ್ನು ಯಾರು ಕಂಡಿದ್ದರು? ನನ್ನ ಅವ್ವ ಬೇಡವೆನ್ನುತ್ತಾಳೆ ಎಂದುಕೊಂಡಿದ್ದೆ. ಅವ್ವ ಖೋಲಿಯ ಕಸ ಹೊಡೆದು, ಅಪ್ಪನ ಚಾಪೆ ಹಾಸಿ, ದೀಪಕ್ಕೆ ಎಣ್ಣೆ ಹಾಕಿ ಬಂದಳು. “ಕುಂದರ್ಲಿ ಬಿಡು. ಮಾತು ಕೇಳಿ ಕೇಳಿ ಸಾಕಾಗೇತಿ ಅಕೀಗೆ,” ಎಂದಳು. ಭಾವ ಹುಣ್ಣಿಮೆಯ ದಿನ ಬರುತ್ತೇನೆಂದು ಖಾಲಿ ಚಕ್ಕಡಿ ಹೊಡೆದುಕೊಂಡು ಹೋದ.

ಅಡಿಗೆಯನ್ನು ಅವ್ವ ನೋಡಿಕೊಂಡಳು. ಪೇಚಾಟಕ್ಕೆ ಬಂದದ್ದು ಚಾ. ನಮ್ಮ ಮನೆಗೆ ಚಾ ತಂದವಳೇ ನನ್ನ ಹೆಂಡತಿ; ತವರಿನಿಂದ ಚಟವನ್ನೂ, ನೀಲಿ ಗೆರೆಯ ಒಂದು ಚಾ ಕಪ್ಪನ್ನೂ, ಅದರಡಿ ಇಡುವ ಬಸಿಯನ್ನೂ ಜೊತೆಗೆ ತಂದಿದ್ದಳು. ಅವ್ವನಿಗೆ ಅದು ‘ಕರೇ ನೀರು’. ದೇವರ ನೈವೇದ್ಯ ಬೇಯುವ ಒಲೆಯ ಮೇಲೆ ಅದನ್ನು ಏರಿಸುವುದಕ್ಕೆ ಅವಳ ಒಪ್ಪಿಗೆಯಿರಲಿಲ್ಲ. ಹೆಂಡತಿ ಹಿತ್ತಲ ಕಟ್ಟೆಯ ಮೇಲೆ ಇದ್ದಲಿ ಶೇಗಡಿ ಹೊತ್ತಿಸಿ ಮಾಡಿಕೊಳ್ಳುತ್ತಿದ್ದಳು. ಮಾಡಿ ಕಪ್ಪಿನದನ್ನು ತಾನು ಕುಡಿದು, ಬಸಿಯಲ್ಲಿ ಒಂದಿಷ್ಟು ಸುರಿದು ಆರಿಸಿ ಮಗಳಿಗೆ ಕುಡಿಸುತ್ತಿದ್ದಳು. ಬಸಿಯ ಪಾಲು ಬರುವ ತನಕ ಆ ಕೂಸು ಅವಳ ಸೆರಗು ಬಿಡುತ್ತಿರಲಿಲ್ಲ.

ಈಗ ಚಾ ಯಾರು ಮಾಡಬೇಕು? ನಾನೇ. ಅಲ್ಲಿಯವರೆಗೆ ನಾನು ನೀರು ಕಾಯಿಸಿದವನೂ ಅಲ್ಲ. ನನ್ನ ಚಾ ಏನಿದ್ದರೂ ಬಸ್‌ಸ್ಟ್ಯಾಂಡಿನ ಹೊಟೇಲಿನಲ್ಲಿ ಆಗುತ್ತಿತ್ತು. ಸಕ್ಕರೆ ಸರಕಾರದ ಕಂಟ್ರೋಲ್ ಅಂಗಡಿಯಲ್ಲಿ ಸಿಗುವುದು ಕಣ್ಣಿಗೆ ಕಾಡಿಗೆಯಷ್ಟು. ಬೆಲ್ಲಕ್ಕೆ ನಮ್ಮೂರಲ್ಲಿ ಬರವಿರಲಿಲ್ಲ. ಶೇಗಡಿ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡು, ನೀರು, ಪುಡಿ, ಹಾಲು, ಬೆಲ್ಲ ಎಲ್ಲವನ್ನೂ ಒಟ್ಟಿಗೆ ಹಾಕಿ ಚೆನ್ನಾಗಿ ಕುದಿಸಿದೆ. ಅರಿವೆಯಲ್ಲಿ ಸೋಸಿದಾಗ ಏನೇನೋ ಚೂರು ಉಳಿದವು. ಬೆಲ್ಲದ ಹೊಲಸು ಇರಬೇಕೆಂದು ಕೊಡವಿ ಚೆಲ್ಲಿದೆ. ಮಾಸ್ತರಿಕೆಯ ಜಾಣತನ ನೋಡಿರಿ!

ಕಪ್ಪನ್ನು ಬಸಿಯ ಮೇಲಿಟ್ಟು ಖೋಲಿಯ ಹೊಸ್ತಿಲ ಒಳಗೆ ಸರಿಸಿ, ನಾನು ಹೊರಗೆ ಗೋಡೆಗೆ ಆತು ಕುಳಿತೆ. ಒಳಗೆ ದೀಪವಿತ್ತು, ಅವಳ ಬೆನ್ನು ಕಾಣುತ್ತಿತ್ತು. ಬಹಳ ಹೊತ್ತಿಗೆ ಕಪ್ಪು ಎತ್ತಿದ ಸಪ್ಪಳ, ಆಮೇಲೆ ಸುರ್ರೆಂದು ಒಂದು ಗುಟುಕು. ಇಡೀ ದಿನದಲ್ಲಿ ಅವಳಿಂದ ನನಗೆ ಕೇಳಿಸುತ್ತಿದ್ದ ಸದ್ದು ಅದೊಂದೇ. ಅದಕ್ಕಾಗಿ ನಾನು ಶಾಲೆಯಿಂದ ಓಡಿ ಬರತೊಡಗಿದೆ. ಸುರ್ ಎನ್ನುವ ಒಂದು ಗುಟುಕು ಅಷ್ಟು ಇಂಪಾಗಿರುತ್ತದೆಂದು ಯಾರಾದರೂ ಹೇಳಿದ್ದರೆ ನಗುತ್ತಿದ್ದೆ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಅವಳು, ನಡುವೆ ಗೋಡೆ. ಹೀಗೆ ಬಾಯಿ ಮುಚ್ಚಿ ಕುಳಿತಳಲ್ಲ ಎಂಬ ನನ್ನ ಸಿಟ್ಟು ದಿನದಿನಕ್ಕೆ ಇಳಿಯುತ್ತ ಬಂತು. ಅವಳು ಏನು ಜಪಿಸುತ್ತಿದ್ದಳೋ ತಿಳಿಯದು, ನಾನಂತೂ ಅವಳ ಗುಟುಕುಗಳನ್ನೇ ಜಪಿಸುತ್ತಿದ್ದೆ.

ಕಪ್ಪು ಯಾವಾಗಲೂ ಬರಿದಾಗಿ ಬರುತ್ತಿತ್ತು. ಬಸಿ ಮಾತ್ರ ಇಟ್ಟ ಹಾಗೆಯೇ, ಒಣಗಿದ್ದು. ಯಾಕೆಂದು ನನಗೆ ಗೊತ್ತಿತ್ತು. ಬಸಿ ಇಲ್ಲದೆ ಬರೀ ಕಪ್ಪು ಕೊಡಲೇ ಎಂದು ಯೋಚಿಸಿದೆ. ಅದನ್ನು ಬಚ್ಚಿಡಲು ಮನಸ್ಸಾಗಲಿಲ್ಲ.

ಹುಣ್ಣಿಮೆಯ ಹಿಂದಿನ ಸಂಜೆ ನಾನು ಹಾಗೆಯೇ ಗೋಡೆಗೆ ಆತು ಕುಳಿತಿದ್ದೆ. ಗುಟುಕಿನ ಸದ್ದು ಬರಲಿಲ್ಲ. ಸ್ವಲ್ಪ ಹೊತ್ತಿಗೆ ಒಂದು ಕೈ ಹೊಸ್ತಿಲಾಚೆ ಬಂತು. ಕೈಯಲ್ಲಿ ಬಸಿ, ಬಸಿಯಲ್ಲಿ ಚಾ. ನನ್ನ ಮುಂದಿಟ್ಟು ಕೈ ಒಳಗೆ ಹೋಯಿತು. ಎರಡೂ ಕೈಯಲ್ಲಿ ಎತ್ತಿಕೊಂಡು ಕುಡಿದೆ. ಅಯ್ಯೋ, ಅದೇನು ಚಾ! ತೆಳ್ಳಗೆ, ಹೊಗೆ ವಾಸನೆ, ಒಡೆದ ಹಾಲಿನ ನೀರು. ನುಂಗಲು ಗಂಟಲು ಒಪ್ಪಲಿಲ್ಲ. ಇಷ್ಟು ದಿನ ಇವಳು ಇದನ್ನು ಒಂದು ಹನಿಯೂ ಬಿಡದೆ ಕುಡಿದಿದ್ದಳು. ನಾನು ಅಲ್ಲಿಯೇ ಕುಳಿತು ಅತ್ತುಬಿಟ್ಟೆ.

ಆಮೇಲೆ ಇನ್ನೊಂದು ಯೋಚನೆ ಹತ್ತಿತು. ಕೂಸಿನ ಪಾಲನ್ನು ನನಗೆ ಕೊಟ್ಟಳಲ್ಲ, ಅದು ಇರುತ್ತೇನೆ ಎಂದೋ, ಹೋಗಿ ಬರುತ್ತೇನೆ ಎಂದೋ? ಬೀಳ್ಕೊಡುವಾಗಲೂ ಜನ ಕೈಯಲ್ಲಿದ್ದುದನ್ನು ಕೊಟ್ಟು ಹೋಗುತ್ತಾರೆ.

ಬೆಳಗಾಗುವುದರೊಳಗೆ ಬಾಗಿಲಿಗೆ ಭಾವನ ಚಕ್ಕಡಿ ಬಂದು ನಿಂತಿತು. ಎತ್ತು ಬಿಚ್ಚದೆ ಅವನು ಕಟ್ಟೆಯ ಮೇಲೆ ಕುಳಿತ. ಮೌನ ಬಿಟ್ಟವರ ಮೊದಲ ಮಾತು ಫಲಿಸುತ್ತದೆ ಎಂಬ ನಂಬಿಕೆ ನಮ್ಮ ಓಣಿಯಲ್ಲಿತ್ತು. ಹಾಗಾಗಿ ಮೊದಲು ಮಾತಾಡಿಸಲು ಬಂದಿದ್ದ ಹೆಂಗಸರೆಲ್ಲ ಮತ್ತೆ ಹಾಜರು. ಇವಳು ಜಳಕ ಮಾಡಿ, ದೇವರಿಗೂ ಅವ್ವನಿಗೂ ನಮಸ್ಕರಿಸಿ ನಡುಮನೆಗೆ ಬಂದಳು. ದೇವರ ಹೆಸರು ತೆಗೆದುಕೊಂಡು ಗಂಡುಮಗನನ್ನು ಬೇಡಿಕೋ ಎಂದು ಒಬ್ಬಾಕೆ ಕಲಿಸಿಕೊಟ್ಟಳು. ನಾನು ಹಿತ್ತಲ ಬಾಗಿಲಲ್ಲಿ ಆ ದಿನದ ಚಾ ಹಿಡಿದು ನಿಂತಿದ್ದೆ. ಕಪ್ಪು ಎಂದಿನಂತೆ ಬಸಿಯ ಮೇಲಿತ್ತು.

ಅವಳು ನನ್ನ ಹತ್ತಿರ ಬಂದಳು. ಕಪ್ಪಿನೊಳಗೆ ನೋಡಿದಳು.

“ಬೆಲ್ಲ ಕುದಿಯುವಾಗ ಹಾಕಬಾರದ್ರಿ, ಹಾಲು ಒಡೀತದ,” ಎಂದಳು. “ಇಳಿಸಿದ ಮ್ಯಾಲ ಹಾಕಬೇಕು. ಇರ್ಲಿ, ನಾಳಿಂದ ನಾ ಮಾಡ್ತೇನಿ.”

ದೇವರ ಹೆಸರು ಕೇಳಲು ಬಂದವರು ಒಬ್ಬರ ಮುಖ ಒಬ್ಬರು ನೋಡಿದರು. ನನಗೆ ‘ನಾಳಿಂದ’ ಎಂಬುದೊಂದೇ ಕೇಳಿಸಿತ್ತು. ಅವಳು ಬಾಗಿಲ ಕಡೆ ತಿರುಗಿ, “ಅಣ್ಣಾ, ಎತ್ತು ಬಿಚ್ಚು. ಚಾ ಕುಡದು ಹೋಗಂತಿ,” ಎಂದಳು. ಅಷ್ಟು ಹೇಳಿದವಳು ನನ್ನ ಕೈಯ ಬಸಿಯನ್ನು ನೋಡಿದಳು, ಸೆರಗನ್ನು ಬಾಯಿಗೆ ಒತ್ತಿಕೊಂಡಳು, ತಡೆಯಲಾಗದೆ ಕುಸಿದು ಕುಳಿತು ದೊಡ್ಡ ದನಿ ತೆಗೆದು ಅತ್ತಳು. ಕೂಸು ಹೋದ ಮೇಲೆ ಅದೇ ಮೊದಲು.

ಅವ್ವ ಹೆಂಗಸರಿಗೆ ಮನೆಗೆ ಹೋಗಿರೆಂದು ಕೈಮುಗಿದು ಕಳಿಸಿದಳು. ಸೊಸೆಯ ಅಳು ಮುಗಿಯುವ ತನಕ ಬೆನ್ನು ಸವರುತ್ತ ಕುಳಿತಳು. ಆಮೇಲೆ ಎದ್ದು ಹಿತ್ತಲಿಗೆ ಹೋಗಿ, ಶೇಗಡಿಯ ಪಕ್ಕದ ಚಾ ಪಾತ್ರೆಯನ್ನು ತಾನೇ ತೊಳೆದು ತಂದು ತನ್ನ ಒಲೆಯ ಮೇಲಿಟ್ಟಳು.

“ಬಾರವ್ವ, ಇಲ್ಲೇ ಮಾಡು,” ಎಂದಳು. “ನನಗೂ ಒಂದು ಗುಟುಕು ಹಾಕು.”