ಎರಡು ಚಪ್ಪಾಳೆಯ ಫ್ರೆಂಚ್

ನಮ್ಮ ರಾಯಚೂರಿನಲ್ಲಿ ಫ್ರೆಂಚ್ ಕಲಿಸಲು ಏನು ಬೇಕು? ಡಿಗ್ರಿಯೇ? ದಪ್ಪ ಪುಸ್ತಕವೇ? ಅವೆಲ್ಲ ಆಮೇಲೆ. ಮೊದಲು ಗಟ್ಟಿ ಅಂಗೈ ಬೇಕು. ಕಳೆದ ವಾರ ಕಣ್ಣಾರೆ ಕಂಡೆ.

ದೇವದುರ್ಗದ ನನ್ನ ಅಕ್ಕನ ಮಗಳು ಸುಮಾ, ಇಲ್ಲಿನ ಖಾಸಗಿ ಶಾಲೆಯೊಂದರಲ್ಲಿ ಫ್ರೆಂಚ್ ಟೀಚರ್ ಕೆಲಸಕ್ಕೆ ಡೆಮೊ ಕ್ಲಾಸ್ ಕೊಡಬೇಕಿತ್ತು. ಕೆಲಸ ಸಿಗದಿದ್ದರೆ ಮಾನ್ವಿಯಲ್ಲಿ ಅವಳ ಅಣ್ಣನ ಬಟ್ಟೆ ಅಂಗಡಿ ನೋಡಿಕೊಳ್ಳಬೇಕು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಧೈರ್ಯಕ್ಕೆ ನಾನೂ ಹೋದೆ. (ನನಗೆ ಗೊತ್ತಿರುವ ಫ್ರೆಂಚ್ ಎಂದರೆ ಗಡ್ಡ ಮಾತ್ರ.)

ಶಾಲೆಯ ಅಧ್ಯಕ್ಷರು ಅಕ್ಕಿ ಗಿರಣಿಯ ಮಾಲೀಕರು. “ಬರ್ರಿ ಸರ್, ಕುಂಡ್ರಿ, ಚಾ ತಗೋರಿ” ಎಂದು ನನ್ನನ್ನು ಉಪಚರಿಸಿ, ಹಿಂದಿನ ಬೆಂಚಿನಲ್ಲಿ ಕೂತರು.

ಸುಮಾ ‘ತಿನ್ನು’ ಎಂಬ ಕ್ರಿಯಾಪದ ಎತ್ತಿಕೊಂಡಳು. ಅವರು ತಿನ್ನುತ್ತಾರೆ, ‘ಈಲ್ ಮಾಂಜ್’. ಬೋರ್ಡಿನ ಮೇಲೆ ಪದದ ಬಾಲದಲ್ಲಿ ಅಕ್ಷರಗಳ ಸಾಲೇ ಇದೆ, ಬಾಯಲ್ಲಿ ಒಂದೂ ಇಲ್ಲ! ಬಾಯಲ್ಲಿ ಬರುವ ತುಂಡಿಗೊಂದು ಚಪ್ಪಾಳೆ, ಆದ್ದರಿಂದ ಈ ಕ್ರಿಯಾಪದಕ್ಕೆ ಒಂದೇ. ನೀವು ತಿನ್ನುತ್ತೀರಿ, ‘ವು ಮಾಂ-ಜೇ’. ಇದಕ್ಕೆ ಎರಡು.

“ಈಗ ನನಗ ಹೇಳ್ರಿ ನೋಡೋಣ” ಎಂದಳು.

“ವು ಮಾಂ-ಜೇ-ರೀ!” ಇಡೀ ಐದನೇ ಕ್ಲಾಸ್ ಮೂರು ಚಪ್ಪಾಳೆ ತಟ್ಟಿತು.

“ರೀ ಬ್ಯಾಡ.” ಮತ್ತೆ ಮೂರು. ಅಧ್ಯಕ್ಷರ ಹುಬ್ಬು ಗಂಟಿಕ್ಕಿತು. ಸುಮಾಳ ಮುಖ ಸಣ್ಣಗಾಯಿತು. ಬಟ್ಟೆ ಅಂಗಡಿಯೇ ಗತಿ ಅಂದುಕೊಂಡೆ.

ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಟೀಚರ್‌ಗೆ ರೀ ಹಚ್ಚದ ಮಾತಾಡಿದ್ರ ನಮ್ಮವ್ವ ಹೊಡಿತಾಳ್ರೀ ಮಿಸ್!”

ಇದಕ್ಕೆ ಏನು ಉತ್ತರ ಕೊಡುತ್ತೀರಿ? ಸುಮಾ ಬೋರ್ಡಿನ ಮೇಲಿನ ಆ ಬಾಲದ ಕಡೆ ಬೆರಳು ತೋರಿಸಿದಳು.

“ಫ್ರೆಂಚ್‌ನವರು ಬರೆದ ಅಕ್ಷರಾನ ನುಂಗ್ತಾರ. ನೀವು ರೀ ನುಂಗ್ರಿ. ಬಾಯಾಗ ಬ್ಯಾಡ, ಮನಸ್ಸಿನ್ಯಾಗ ಇರ್ಲಿ. ಅದರ ಬದ್ಲಿ ಒಂದ್ಸಲ ತಲಿ ಬಗ್ಗಿಸ್ರಿ, ಸಾಕು.”

ಎರಡು ಚಪ್ಪಾಳೆ. ಆಮೇಲೆ ಅಷ್ಟೂ ತಲೆಗಳು ಒಟ್ಟಿಗೆ ಬಾಗಿದವು. ಇಷ್ಟು ಮರ್ಯಾದೆಯ ಫ್ರೆಂಚ್ ಪ್ಯಾರಿಸ್‌ನಲ್ಲೂ ಇರಲಿಕ್ಕಿಲ್ಲ. ನನಗಂತೂ ಹೆಮ್ಮೆಯೋ ಹೆಮ್ಮೆ.

ಅಧ್ಯಕ್ಷರು ಎದ್ದು ಬಂದು, “ಭಾಳ ಛಲೋ ಆತ್ರಿ ಸರ್” ಎಂದು ನನ್ನ ಕೈ ಕುಲುಕಿದರು. (ಕಲಿಸಿದ್ದು ನಾನೇ?) ಆಮೇಲೆ ಸುಮಾಳ ಕಡೆ ತಿರುಗಿ, “ನಾಳಿಂದ ಬಾ” ಎಂದರು.

ಕೆಲಸ ಸಿಕ್ಕ ಖುಷಿಯಲ್ಲಿ ಅವಳು ಗಮನಿಸಲಿಲ್ಲ. ಸಿಟ್ಟು ಬಂದಿದ್ದು ನನಗೆ.

ಅಧ್ಯಕ್ಷರೇ, ‘ರೀ’ ನುಂಗಿದಿರಿ ಸರಿ, ತಲೆ ಯಾಕೆ ಬಾಗಲಿಲ್ಲ?