ಬೇಕೇ ಎಂದು ಕೇಳುವ ಪೆಟ್ಟಿಗೆ

ನನ್ನ ಮೊಮ್ಮಗಳ ಬಗ್ಗೆ ಯಾರಾದರೂ ಒಂದು ಮಾತು ಕೇಳಿದರೆ ನಾನು ಹತ್ತು ಹೇಳುವವ. ರಾಯಬಾಗದ ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದವರನ್ನೂ ನಿಲ್ಲಿಸಿ ಹೇಳಿದ್ದೇನೆ. ಆದರೆ ಆ ಭಾನುವಾರ ಚಿಕ್ಕೋಡಿಯಲ್ಲಿ ನನ್ನ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತ್ತು.

ಆಕೆ ನಿಪ್ಪಾಣಿಯ ಒಂದು ಅಂಗಡಿಯಲ್ಲಿ ನೆಟ್‌ವರ್ಕ್ ಜೋಡಿಸುವ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಮಾಸ್ತರರು ಒಂದು ಕೋಣೆಯಲ್ಲಿ ಪಾಠ ಹೇಳಿದರೆ ಎಂಟು ಕೋಣೆಗಳ ಟೀವಿಯಲ್ಲಿ ಕಾಣಬೇಕು. ಅದನ್ನು ಒಬ್ಬಳೇ ಕೂಡಿಸಿದ್ದಳು. ಭಾನುವಾರ ಅಂಗಡಿಯ ಮಾಲೀಕರು ನೋಡಲು ಬರುವವರಿದ್ದರು. ಒಂದು ತಾಸು ಚಿತ್ರ ನಿಲ್ಲದೆ ಓಡಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಅಲ್ಲಿಗೇ ಮುಗಿಯಿತು ಎಂದಿದ್ದರು. ಟೀವಿ ಕಾಯಲು ಒಬ್ಬರು ಬೇಕಿತ್ತು, ರಜೆಯ ದಿನ ಯಾರೂ ಸಿಗಲಿಲ್ಲ.

"ಅಜ್ಜಾ, ನೀ ಬರೇ ನೋಡ್ಕೋತ ಕೂಡು. ಚಿತ್ರ ಹೋದ್ರ ಒದರು, ಅಷ್ಟ" ಎಂದು ಸ್ಕೂಟಿಯ ಹಿಂದೆ ಕೂಡಿಸಿಕೊಂಡು ಹೋದಳು.

ಟೀವಿಯಲ್ಲಿ ಕಂಡದ್ದು ಪಾಠದ ಕೋಣೆಯ ಖಾಲಿ ಕುರ್ಚಿ, ಕರಿಹಲಗೆ, ಗೋಡೆಯ ಗಡಿಯಾರ. ಅಷ್ಟು ಚಂದದ ಚಿತ್ರ ನಾನು ಎಂದೂ ನೋಡಿರಲಿಲ್ಲ. ಮಾಲೀಕರು ಕೈಕಟ್ಟಿ ಬಾಗಿಲಲ್ಲಿ ನಿಂತರು. ನಾಲ್ಕು ನಿಮಿಷ ಕಳೆದು ಇನ್ನೂ ಸ್ವಲ್ಪ ಆಗಿತ್ತು. ಗಡಿಯಾರದ ಮುಳ್ಳು ಅಲ್ಲೇ ಸಿಕ್ಕಿಕೊಂಡಿತು, ಪರದೆ ಕಪ್ಪಾಯಿತು.

"ಹೋತವ್ವಾ" ಎಂದೆ.

ಟೀವಿ ಆರಿಸಿ ಹಚ್ಚಿದರೆ ಚಿತ್ರ ಬಂತು. ಮತ್ತೆ ಅಷ್ಟೇ ಹೊತ್ತಿಗೆ ಹೋಯಿತು. ಮೂರನೆಯ ಸಲವೂ ಹಾಗೇ. ಆಕೆ ಲ್ಯಾಪ್‌ಟಾಪ್ ತೆರೆದಳು.

"ನಿನ್ನೆ ದಿನಾ ಪೂರ್ತಿ ಓಡೇತ್ರಿ ಸರ್."

"ನಿನ್ನೆ ಓಡಿದ್ದ ನಾ ಏನ್ ನೋಡೇನೇನವಾ? ಬೇಕಾದ ವಾಯರಿಗಷ್ಟ ಬಿಡೂದು ಬ್ಯಾಡ. ಎಲ್ಲಾ ವಾಯರಿಗೂ ಚಿತ್ರ ಬಿಟ್ಟಬಿಡು, ಮುಗೀತು."

"ಬ್ಯಾಡ್ರಿ. ಆಫೀಸಿನ ಕಂಪ್ಯೂಟರಿಗೂ, ಲೈಬ್ರರಿಗೂ ಇದ ಚಿತ್ರ ನುಗ್ಗತೈತಿ. ಬ್ಯಾಡಾದವ್ರ ಕೆಲಸ ನಿಲ್ಲತೈತ್ರಿ."

ಹೊಟ್ಟೆಪಾಡಿಗೇ ಕುತ್ತು ಬರುವಂತಿದ್ದರೂ ಹುಡುಗಿ ಬಗ್ಗಲಿಲ್ಲ ಎಂದು ನನಗೆ ಹಿಗ್ಗು. ಆದರೆ ಹೆದರಿಕೆ ಅದಕ್ಕಿಂತ ಹೆಚ್ಚು. ಸುಮ್ಮನಿರಲಾರದೆ ಕೇಳಿದೆ: "ಯಾರಿಗೆ ಬೇಕು, ಯಾರಿಗೆ ಬ್ಯಾಡ ಅಂತ ಅದಕ್ಕ ಹೆಂಗ ತಿಳಿತೈತಿ?"

ಆಕೆ ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯದೆ ಹೇಳಿದಳು. "ಟೀವಿ ಹಚ್ಚಿದಕೂಡ್ಲೆ 'ನನಗ ಈ ಪಾಠ ಬೇಕು' ಅಂತ ಅದು ತಾನ ಹೇಳತೈತಿ. ಎಲ್ಲಾ ವಾಯರ್ ಕೂಡೂ ಸ್ವಿಚ್ ಅಂತ ಪೆಟ್ಟಿಗಿ ಐತೆಲ್ಲ, ಅದು ಕದ್ದ ಕೇಳಿ ಬರಕೊಂಡು ಆ ವಾಯರಿಗಷ್ಟ ಚಿತ್ರ ಬಿಡತೈತಿ. ಆಮ್ಯಾಲ ಎರಡ ನಿಮಿಷಕ್ಕೊಮ್ಮೆ ಯಾರರೆ 'ಇನ್ನೂ ಬೇಕೇನ' ಅಂತ ಕೇಳ್ಬೇಕು, ಟೀವಿ 'ಹೂಂ' ಅನಬೇಕು. ಹೂಂ ಅಂದಿದ್ದ ಕೇಳಲಿಲ್ಲಂದ್ರ ನಾಕ ನಿಮಿಷಕ್ಕ ಸ್ವಿಚ್ ಹೆಸರ ಅಳಸತೈತಿ."

ಇದು ನನಗೆ ಹೊಸದಲ್ಲ. ಕೃಷ್ಣಾ ನದಿಯಿಂದ ಪೈಪಿನಲ್ಲಿ ನೀರೆತ್ತಿ ಕಬ್ಬಿಗೆ ಬಿಡುವ ಕೆಲಸವನ್ನೇ ನಾನು ಆಯುಷ್ಯವೆಲ್ಲ ಮಾಡಿದ್ದು. ದಿನ ಬೆಳಗಾದರೆ ಪೈಪಿನ ಗುಂಟ ನಡೆದು, ನೀರು ಹೊರಬೀಳುವ ಒಂದೊಂದು ಚೇಂಬರಿನ ಹತ್ತಿರ ನಿಂತು "ನೀರ ಬೇಕೇನ್ರೋ" ಎಂದು ಕೂಗುತ್ತಿದ್ದೆ. ಒಬ್ಬ "ಓ" ಎಂದರೆ ಸಾಕು, ಅದೇ ಚೇಂಬರಿನ ಉಳಿದವರು ಸುಮ್ಮನಿರುತ್ತಿದ್ದರು. ಎರಡು ಸಲ ಕೂಗಿದರೂ ಸೊಲ್ಲಿಲ್ಲವೆಂದರೆ ವಾಲ್ವ್ ಬಂದ್. ನಾನು ಜ್ವರ ಬಂದು ಮಲಗಿದ ದಿನ ಬೇಕಾದವರಿಗೂ ನೀರಿಲ್ಲ.

"ಅಂದ್ರ ಟೀವಿದು ತಪ್ಪಿಲ್ಲ" ಎಂದೆ.

"ಇಲ್ಲ. ಕೇಳಾಂವ್ನ ಕಾಣವಲ್ಲ" ಎಂದು ಆಕೆ ಪರದೆಯ ಮೇಲೆ ಬೆರಳಿಟ್ಟಳು. "ಸ್ಟಾಫ್ ರೂಮಿನ ಮೂಲ್ಯಾಗ ಸಣ್ಣ ರೌಟರ್ ಇಟ್ಟೇನಿ. ಕೇಳೂದು ಅದರ ಕೆಲಸ."

ಆ ಮೂಲೆ ನಾನು ನೋಡಿದ್ದೆ. ಬಂದ ಕೂಡಲೇ ಕೈಕಾಲು ತೊಳೆಯಲು ಹೋದಾಗ ಆ ಮೂಲೆಯಲ್ಲಿ ಒಂದು ಪೆಟ್ಟಿಗೆ ಸುಮ್ಮನೆ ಮಿಣಮಿಣ ಎನ್ನುತ್ತಿತ್ತು. ಮುಟ್ಟಿದರೆ ಬಿಸಿ. ಟೀವಿಯಿಲ್ಲ, ಫ್ಯಾನಿಲ್ಲ, ಯಾರಿಗೂ ಬೇಡದ್ದು ಉರಿಯುತ್ತಿದೆ ಎಂದು ಬಟನ್ ಆರಿಸಿ ಬಂದಿದ್ದೆ. ನೀರೆತ್ತದ ಮೋಟರು ಓಡಿದರೆ ಸುಡುತ್ತದೆ ಎಂದು ಕಲಿತ ಕೈ, ಕೇಳದೆಯೇ ಆರಿಸುತ್ತದೆ.

ಎದ್ದು ಹೋಗಿ ಸದ್ದಿಲ್ಲದೆ ಹಚ್ಚಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಚಿತ್ರ ಮೂರು ಸಲ ಹೋದದ್ದು ಹುಡುಗಿಯ ತಲೆಯ ಮೇಲೇ ಉಳಿಯುತ್ತದೆ. ಹೇಳಿದರೆ, ಕೆಲಸದ ಜಾಗಕ್ಕೆ ಮುದುಕನನ್ನು ಕಟ್ಟಿಕೊಂಡು ಬಂದಳು ಎಂಬ ಮಾತು. ಎರಡರಲ್ಲೂ ಆಕೆಗೇ ಪೆಟ್ಟು.

"ಸಾಹೇಬ್ರ, ಅದನ್ನ ಆರಿಸಿದಾಂವ ನಾನ್ರಿ. ಆಕೀದ ಏನೂ ತಪ್ಪಿಲ್ಲ."

ಮೊಮ್ಮಗಳು ನನ್ನ ಕಡೆ ನೋಡಿದಳು. ಬೈದಿದ್ದರೆ ಚಲೋ ಇತ್ತು. ಮಾಲೀಕರು ನನ್ನನ್ನು ಬಿಟ್ಟು ಆಕೆಯನ್ನೇ ಕೇಳಿದರು: "ಇವತ್ತ ಅಜ್ಜಾರು ಆರಿಸಿದ್ರು. ನಾಳೆ ಕಸಾ ಹೊಡಿಯಾಕಿ ಆರಸ್ತಾಳ. ಪಾಠ ನಡದಾಗ ನಿಂತ್ರ ಕಾಲೇಜಿನವ್ರಿಗೆ ಏನ್ ಹೇಳ್ತಿ, ಅಜ್ಜನ ಕಥೀನ?"

ನಾನು ಹಚ್ಚಲು ಎದ್ದೆ. ಆಕೆ ಕೈ ಅಡ್ಡ ಹಿಡಿದಳು. "ಬ್ಯಾಡ ಅಜ್ಜಾ. ಆರಿದಂಗ ಇರಲಿ." ಮಾಲೀಕರಿಗೆ ಹೇಳಿದಳು: "ಕೇಳೂ ಕೆಲಸ ಸ್ವಿಚ್ಚಿಗೂ ಕೊಡಾಕ ಬರತೈತ್ರಿ ಸರ್. ಅದು ಕೀಲಿ ಹಾಕಿದ ಕಪಾಟಿನ್ಯಾಗ ಐತಿ. ಮೊದಲ ಮಾಡಬೇಕಿತ್ತು, ನನ್ನ ತಪ್ಪ. ಹತ್ತ ನಿಮಿಷ ಕೊಡ್ರಿ."

ಆಕೆ ಲ್ಯಾಪ್‌ಟಾಪಿನ ಮೇಲೆ ಏನೇನೋ ಬಡಿದಳು. ಚಿತ್ರ ಬಂತು. ಎರಡು ನಿಮಿಷ. ಮೂರು. ನಾಲ್ಕಾಗುವ ಹೊತ್ತಿಗೆ ನಾನು ಕುರ್ಚಿಯ ತುದಿ ಹಿಡಿದಿದ್ದೆ. ಐದಾಯಿತು. ಮುಳ್ಳು ತಿರುಗುತ್ತಲೇ ಇತ್ತು. ಮಾಲೀಕರು ಒಂದೊಂದೇ ಕೋಣೆ ಸುತ್ತಿ ಬಂದು ಮತ್ತೆ ಬಾಗಿಲಲ್ಲಿ ನಿಂತರು. ಒಂದು ತಾಸು ತುಂಬುವವರೆಗೆ ನಾನು ನೀರು ಕುಡಿಯಲೂ ಏಳಲಿಲ್ಲ.

"ಮುಂದಿನ ವಾರ ಅಥಣ್ಯಾಗ ಇಂಥಾದ ಕೆಲಸ ಐತಿ, ನೀನ ಹೋಗು" ಎಂದರು ಮಾಲೀಕರು. "ಅಜ್ಜಾರ್ನೂ ಕರ್ಕೊಂಡ ಹೋಗು. ಏನೇನ ಆರಸ್ತಾರ ನೋಡಿ ಅದಕ್ಕೆಲ್ಲಾ ಬಂದೋಬಸ್ತ ಮಾಡು."

ಆಕೆ ನಗಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಅದರ ಮೇಲೆ ಎರಡೂ ಅಂಗೈ ಊರಿ ಕುಳಿತಳು. ನಾನು ಆ ಕೈಗಳ ಮೇಲೆ ನನ್ನ ಕೈಯಿಟ್ಟೆ.