ಮಗ್ಗ ನಿಲ್ಲಿಸಿದ ಸರ್ವೇಯರ್

ಬನಹಟ್ಟಿಯ ನಮ್ಮ ಓಣಿಗೆ ಎಲೆಕ್ಟ್ರಾನಿಕ್ ಅಳತೆಯ ಯಂತ್ರ ಮೊದಲು ತಂದ ಸರ್ವೇಯರ್ ಅದನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೂರಿಸಿ, ಅಂಗಿಯ ತುದಿಯಿಂದ ಗಾಜು ಒರೆಸುತ್ತಿದ್ದರು. ಯಾರು ಏನೇ ಕೇಳಲಿ, "ತಡೀರಿ, ಗುಳ್ಳಿ ನಿಂದರ್ಲಿ" ಎನ್ನುತ್ತಿದ್ದರು. ಮಟ್ಟ ತೋರಿಸುವ ಗಾಜಿನೊಳಗಿನ ಗಾಳಿಗುಳ್ಳೆ ನಡುವೆ ನಿಲ್ಲದೆ ಯಂತ್ರ ಅಳೆಯುತ್ತಿರಲಿಲ್ಲ.

ಅಕ್ಕಪಕ್ಕದ ಇಬ್ಬರು ನೇಕಾರರು ನಡುವಿನ ಗೋಡೆಗಾಗಿ ಜಗಳಾಡಿ ಮಾತು ಬಿಟ್ಟಿದ್ದರು. ಗೋಡೆ ಒಬ್ಬನದಾದರೆ ಇನ್ನೊಬ್ಬ ಅದಕ್ಕೆ ಒರಗಿಸಿ ಕಟ್ಟಿದ ಮಗ್ಗದ ಶೆಡ್ಡನ್ನು ಕೆಡವಬೇಕಿತ್ತು. ಅಳತೆಯ ದಿನ ಎರಡೂ ಕಡೆಯ ಪವರ್‌ಲೂಮುಗಳ ನಡುಕಕ್ಕೆ ಗುಳ್ಳೆ ನಿಲ್ಲಲೇ ಇಲ್ಲ.

"ಮಗ್ಗ ಬಂದ್ ಮಾಡ್ರಿ," ಎಂದರು ಸರ್ವೇಯರ್.

"ಮೊದಲ ಅಂವ ಮಾಡ್ಲಿ," ಎಂದ ಒಬ್ಬ.

"ನಂದು ಅರ್ಜಂಟ್ ಮಾಲ್ ಐತ್ರಿ," ಎಂದ ಇನ್ನೊಬ್ಬ.

ಸರ್ವೇಯರ್ ಕಟ್ಟೆಯ ಮೇಲೆ ಕೂತರು. "ಆತು, ಗುಳ್ಳಿ ನಿಂದರೂತನಕ ಊಟಾ ಇಲ್ಲೇ ಮಾಡ್ತೀನಿ. ಯಾರ ಮನ್ಯಾಗ ರೊಟ್ಟಿ ಛಲೋ ಇರತಾವ?"

ಬಾಗಿಲಲ್ಲಿ ನಿಂತಿದ್ದ ಇಬ್ಬರ ಹೆಂಡಂದಿರೂ ನಕ್ಕು, ಒಳಗೆ ಹೋಗಿ ತಮ್ಮ ತಮ್ಮ ಮಗ್ಗದ ಸ್ವಿಚ್ ಆರಿಸಿದರು. ಗುಳ್ಳೆ ನಿಂತಿತು.

ಯಂತ್ರದ ಪರದೆಯಲ್ಲಿ ಗಡಿಯ ಗೆರೆ ಗೋಡೆಯ ನಟ್ಟನಡುವೆ ಬಂತು. ಗೋಡೆ ಇಬ್ಬರದೂ ಆಗಿತ್ತು. ಯಾವ ಶೆಡ್ಡನ್ನೂ ಕೆಡವಬೇಕಿರಲಿಲ್ಲ.

"ಹಂಗಾದ್ರ ಸುಣ್ಣಾ ಯಾರ ಹಚ್ಚೂದ್ರಿ?" ಎಂದು ಮೊದಲನೆಯವನು ಸರ್ವೇಯರರನ್ನು ಕೇಳಿದ.

"ನನ್ನ ಯಾಕ ಕೇಳ್ತೀರಿ? ಬಾಜೂದಾಂವನ್ನ ಕೇಳ್ರಿ."

ಅವನು ಪಕ್ಕದವನತ್ತ ತಿರುಗಿದ.

"ಲೇ, ಯಾವ ಬಣ್ಣಾ ಹಚ್ಚೂಣು?"